ಪಕ್ಕದ ಸೀಟು

"ನಿಮ್ಮ ವಾಹನ ಇಂದು ಹತ್ತರಿಂದ ಐದು ಗಂಟೆಯೊಳಗೆ ಮನೆ ಬಾಗಿಲಿಗೆ ಬರಲಿದೆ. ಪಾರ್ಕಿಂಗ್ ಜಾಗ, ಚಾರ್ಜಿಂಗ್ ಪಾಯಿಂಟ್, ಮೂಲ ದಾಖಲೆಗಳು ಸಿದ್ಧವಿರಲಿ."

ಫೋನಿಗೆ ಬಂದ ಈ ಸಂದೇಶವನ್ನು ಮೇಷ್ಟ್ರು ಬೆಳಿಗ್ಗೆ ಎದ್ದಾಗಿನಿಂದ ಹದಿನಾಲ್ಕು ಸಲ ಓದಿದ್ದರು. ಹದಿನೈದನೆಯ ಸಲ ಹೆಂಡತಿಗೆ ಓದಿ ಹೇಳಿದರು.

"ಹತ್ತರಿಂದ ಐದು ಅಂದ್ರೆ ಐದಕ್ಕೇ ಬರೋದು. ಮೊದಲು ತಿಂಡಿ ತಿನ್ನಿ" ಎಂದಳು ಅವಳು.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಇಪ್ಪತ್ತೆರಡು ವರ್ಷಗಳಿಂದ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಗೆ ಬೇರೆಯಾಗಿ ಹಾಕಿಸಿಕೊಂಡ ಬ್ರೇಕನ್ನು ಒತ್ತುತ್ತ, ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು. ಅವರ ಸ್ಕೂಲ್ ಕಾರು ಗಂಟೆಗೆ ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚಿನ ವೇಗವನ್ನು ಕಂಡದ್ದೇ ಇಲ್ಲ. ಸ್ಟೀರಿಂಗ್ ಹಿಡಿದು ನಡುಗುವವರಿಗೆಲ್ಲ ಅವರದು ಒಂದೇ ಮಂತ್ರ: "ಭಯ ಬೇಡ. ನಾನಿದ್ದೀನಲ್ಲ." ಸಂಜೆ ಕಾರು ಮನೆಗೆ ತರುವಾಗಲೂ ಕೊನೆಯ ವಿದ್ಯಾರ್ಥಿಯೇ ಓಡಿಸುತ್ತಿದ್ದ. ಹೀಗಾಗಿ ಮೇಷ್ಟ್ರಿಗೆ ಒಂದೇ ಒಂದು ಆಸೆ ಉಳಿದುಹೋಗಿತ್ತು. ತಾವೇ ಸ್ಟೀರಿಂಗ್ ಹಿಡಿಯಬೇಕು, ಪಕ್ಕದ ಸೀಟು ಖಾಲಿ ಇರಬೇಕು, ಒಮ್ಮೆಯಾದರೂ ಬಾಣದ ಹಾಗೆ ಹೋಗಬೇಕು. ಅದಕ್ಕೆಂದೇ ಮೂರು ಸೆಕೆಂಡಿನಲ್ಲಿ ನೂರು ಕಿಲೋಮೀಟರ್ ವೇಗ ಮುಟ್ಟುವ ಎಲೆಕ್ಟ್ರಿಕ್ ಕಾರಿಗೆ ಬುಕಿಂಗ್ ಮಾಡಿ ಎಂಟು ತಿಂಗಳು ಕಾದಿದ್ದರು.

ಹೆಂಡತಿಗೂ ಆರು ವರ್ಷದ ಹಿಂದೆ ಕಾರು ಕಲಿಸಲು ಹೋಗಿದ್ದುಂಟು. ಮೂರನೆಯ ದಿನ ಅವಳು ಹಾಲಿನ ಬೂತಿನ ಕಂಬಕ್ಕೆ ಮುತ್ತಿಟ್ಟಾಗ "ಇದು ನಿನ್ನ ಕೈಲಾಗೋದಲ್ಲ ಬಿಡು" ಎಂದು ಕಿರುಚಿ ಇಳಿಸಿಬಿಟ್ಟಿದ್ದರು. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಈಚೆಗೆ ದಿನಾ ಬೆಳಿಗ್ಗೆ ಸಂಗೀತದ ಕ್ಲಾಸಿಗೆ ಹೋಗಿ ಬರುತ್ತಿದ್ದಳು. ಎರಡು ತಿಂಗಳಾದರೂ ಮನೆಯಲ್ಲಿ ಒಂದು ಸ್ವರವೂ ಯಾರ ಕಿವಿಗೂ ಬಿದ್ದಿರಲಿಲ್ಲ.

ಕಾರು ಬರುವ ದಿನವೂ ಮೇಷ್ಟ್ರು ಕೆಲಸ ಬಿಡಲಿಲ್ಲ. ನೀಲಿ ರಟ್ಟಿನ ರಿಜಿಸ್ಟರ್ ತೆಗೆದರು. ತಮ್ಮಲ್ಲಿ ಕಲಿತ ಪ್ರತಿಯೊಬ್ಬರ ಲೈಸೆನ್ಸ್ ಯಾವತ್ತು ಮುಗಿಯುತ್ತದೆ ಎಂದು ಅದರಲ್ಲಿ ಬರೆದಿಟ್ಟು, ಒಂದು ತಿಂಗಳು ಮೊದಲೇ ಫೋನ್ ಮಾಡಿ ಎಚ್ಚರಿಸುವುದು ಅವರ ಪದ್ಧತಿ. ಮೂವರಿಗೆ ಫೋನ್ ಮಾಡಿ, ಟಿಕ್ ಹಾಕಿ, ಕೆಳಗಿಳಿದರು.

ಹೊಸ ಕಾರಿನ ಪಾರ್ಕಿಂಗ್ ಜಾಗದಲ್ಲಿ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಇಟ್ಟಿದ್ದ ಹಳೆಯ ಬೀರು, ಸಾಕಿದ ಆನೆಯ ಹಾಗೆ ನಿಂತಿತ್ತು.

"ಇದನ್ನ ತೆಗೀಬೇಕಲ್ಲ ಸಾರ್" ಎಂದರು ಮೇಷ್ಟ್ರು.

"ಧಾರಾಳವಾಗಿ ತೆಗೀರಿ, ನಾನು ಬೇಡ ಅಂದ್ನಾ?" ಎಂದ ಸೆಕ್ರೆಟರಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. "ಆದ್ರೂ ಮೇಷ್ಟ್ರೇ, ಮೂರು ಸೆಕೆಂಡಿಗೆ ನೂರು ಅಂತೀರಿ. ನಮ್ಮ ರಸ್ತೆ ಮುಗಿಯೋಕೇ ಮೂರು ಸೆಕೆಂಡ್ ಬೇಕಾಗಲ್ಲ. ದಾಖಲೆ ಎಲ್ಲ ಇದೆ ತಾನೆ? ಲೈಸೆನ್ಸ್?"

ಬೀರು ತಳ್ಳುತ್ತಿದ್ದ ಮೇಷ್ಟ್ರು ನಿಂತು ನಕ್ಕರು. "ನನ್ನನ್ನ ಲೈಸೆನ್ಸ್ ಕೇಳ್ತೀರಾ? ನಿಮ್ಮದನ್ನ ರಿನ್ಯೂ ಮಾಡಿಸಿ ಅಂತ ನಾಲ್ಕು ಸಲ ಫೋನ್ ಮಾಡಿದ್ದು ಯಾರು?"

ಬೀರು ಗೋಡೆಗೆ ಸೇರುವಷ್ಟರಲ್ಲಿ ಮೇಷ್ಟ್ರ ಹೊಸ ಶರ್ಟಿನ ಅರ್ಧ ತೋಳು ಬೀರುವಿನ ಹಿಡಿಕೆಯಲ್ಲೇ ಉಳಿದಿತ್ತು.

ನಾಲ್ಕು ಗಂಟೆಗೆ ಕರೆಂಟ್ ಮಾವ ಬಂದರು. ವಿದ್ಯುತ್ ಕಚೇರಿಯಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದ ಅವರನ್ನು ಕಟ್ಟಡದವರೆಲ್ಲ ಕರೆಯುತ್ತಿದ್ದದ್ದೇ ಹಾಗೆ. ಚಾರ್ಜಿಂಗ್ ಪಾಯಿಂಟನ್ನು ಮಗುವಿನ ಗಂಟಲು ನೋಡುವ ಡಾಕ್ಟರಂತೆ ಬಗ್ಗಿ ನೋಡಿದರು.

"ಟೆಸ್ಟ್ ಮಾಡಿದೀಯೇನಪ್ಪ?"

"ಕಂಪನಿಯವರು ಮಾಡಿ ಹೋಗಿದಾರೆ ಮಾವ."

"ಅವರು ಮಾಡಿದ್ದು ಟೆಸ್ಟಾ? ಲೋಡ್ ಕೊಟ್ಟು ನೋಡ್ಬೇಕು. ತಾ, ಮನೇಲಿರೋ ಇಸ್ತ್ರಿ ಪೆಟ್ಟಿಗೆ, ಹೀಟರು ಎಲ್ಲ ತಾ."

ಬೇಡ ಎನ್ನುವ ಧೈರ್ಯ ಮೇಷ್ಟ್ರಿಗೆ ಸಾಲಲಿಲ್ಲ. ಎರಡು ಇಸ್ತ್ರಿ ಪೆಟ್ಟಿಗೆ, ಮೂರು ಹೀಟರು ಒಂದೇ ತಂತಿಗೆ ಜೋತುಬಿದ್ದವು. ಕರೆಂಟ್ ಮಾವ ಸ್ವಿಚ್ ಒತ್ತಿದರು. ಎಲ್ಲೋ 'ಟಪ್' ಎಂದಿತು. ಇಡೀ ಕಟ್ಟಡದ ದೀಪ, ಫ್ಯಾನು, ಟಿವಿ ಒಟ್ಟಿಗೇ ಉಸಿರು ಬಿಟ್ಟವು.

"ನೋಡು, ನಾನು ಹೇಳ್ಲಿಲ್ವಾ" ಎಂದರು ಮಾವ ತೃಪ್ತಿಯಿಂದ.

ಅದೇ ಹೊತ್ತಿಗೆ ಹೊರಗೆ ಹಾರನ್ ಕೇಳಿಸಿತು. ಲಾರಿ ಬಂದಿತ್ತು. ಅದರ ಬೆನ್ನಿನ ಮೇಲೆ ಬಿಳಿ ಹೊದಿಕೆಯೊಳಗೆ, ಮದುಮಗಳ ಹಾಗೆ ಮುಖ ಮುಚ್ಚಿಕೊಂಡು, ಕಾರು ಕೂತಿತ್ತು. ಆದರೆ ಗೇಟು ಕರೆಂಟಿನದು. ಅಲುಗಾಡಲಿಲ್ಲ.

ಲಾರಿಯಿಂದ ಇಳಿದ ಡೆಲಿವರಿ ಹುಡುಗಿ ಗಡಿಯಾರ ನೋಡಿಕೊಂಡಳು. "ಸರ್, ಹದಿನೈದು ನಿಮಿಷ ಕಾಯ್ತೀನಿ. ಆಮೇಲೆ ಮುಂದಿನ ಮನೆಗೆ ಹೋಗ್ಬೇಕು. ನಿಮ್ಮದು ಮತ್ತೆ ಎರಡು ತಿಂಗಳು ಮುಂದಕ್ಕೆ ಹೋಗುತ್ತೆ."

"ಗೇಟಿಗೆ ಕೈಯಲ್ಲಿ ತೆಗೆಯೋ ಕೀಲಿ ಇದೆ" ಎಂದ ಮೇಷ್ಟ್ರು ಸೆಕ್ರೆಟರಿಗೆ ಫೋನ್ ಮಾಡಿದರು.

"ಕೀಲಿ ನನ್ನ ಜೇಬಲ್ಲೇ ಇದೆ" ಎಂದಿತು ಸೆಕ್ರೆಟರಿಯ ದನಿ. "ನಾನು ಲಿಫ್ಟಲ್ಲಿದೀನಿ. ಲಿಫ್ಟು ಎರಡಕ್ಕೂ ಮೂರಕ್ಕೂ ಮಧ್ಯೆ ಇದೆ."

ಮೇಷ್ಟ್ರು ಮೆಟ್ಟಿಲು ಹತ್ತಿ ಓಡಿದರು. ಲಿಫ್ಟ್ ಬಾಗಿಲ ಸಂದಿಯಲ್ಲಿ ಸೆಕ್ರೆಟರಿಯ ಎರಡು ಬೆರಳೂ ಕೀಲಿಯೂ ಕಾಣುತ್ತಿದ್ದವು.

"ಕೊಡಿ ಸಾರ್, ಬೇಗ."

"ಕೊಡ್ತೀನಿ. ಮೊದಲನೇ ರೌಂಡಿಗೆ ನನ್ನನ್ನ ಕೂರಿಸ್ಕೋತೀರಾ?"

ಪಕ್ಕದ ಸೀಟು ಖಾಲಿ ಇರಬೇಕು ಎಂಬ ಇಪ್ಪತ್ತೆರಡು ವರ್ಷದ ಆಸೆಯನ್ನು ಮೇಷ್ಟ್ರು ಬಿಟ್ಟುಕೊಡಲಿಲ್ಲ. "ಹಿಂದಿನ ಸೀಟಲ್ಲಿ ಕೂರ್ಬೇಕು, ಆಗುತ್ತಾ?"

ಕೀಲಿ ಕೈಗೆ ಬಿತ್ತು. ಕೆಳಗೆ ಕರೆಂಟ್ ಮಾವ ಫ್ಯೂಸಿನ ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಂತಿದ್ದರು. ಹಿಂದಿನ ಸೀಟಿನ ಇನ್ನೊಂದು ಮೂಲೆ ತಮ್ಮದು ಎಂದು ಮಾತಾದ ಮೇಲೆಯೇ ಕೈ ಬಿಚ್ಚಿದರು.

ಗೇಟು ತೆರೆಯಿತು, ದೀಪ ಬಂತು, ಸೆಕ್ರೆಟರಿ ಇಳಿದು ಬಂದರು, ಕಾರೂ ಇಳಿಯಿತು. ಹೊದಿಕೆ ಸರಿದಾಗ ಅದು ಕೆರೆಯ ನೀರಿನಂತೆ ಹೊಳೆಯಿತು. ಮೇಷ್ಟ್ರು ಹರಿದ ತೋಳಿನಲ್ಲೇ ಕಣ್ಣೊರೆಸಿಕೊಂಡು, ಬಣ್ಣಬಣ್ಣದ ಚೀಟಿ ಅಂಟಿಸಿದ್ದ ಫೈಲನ್ನು ಒಪ್ಪಿಸಿದರು.

ಹುಡುಗಿ ಒಂದೊಂದೇ ಹಾಳೆ ನೋಡಿ ತಲೆಯಾಡಿಸಿದಳು. ಕೊನೆಯದರಲ್ಲಿ ಅವಳ ತಲೆ ನಿಂತಿತು.

"ಸರ್, ನಿಮ್ಮ ಲೈಸೆನ್ಸ್ ಮುಗಿದು ಮೂರು ವಾರ ಆಯ್ತು."

ಮೇಷ್ಟ್ರು ಕಾರ್ಡು ಕಸಿದುಕೊಂಡು ನೋಡಿದರು. ಕನ್ನಡಕ ಒರೆಸಿ ನೋಡಿದರು. ತಾರೀಕು ಬದಲಾಗಲಿಲ್ಲ. ಆಗ ಹೊಳೆಯಿತು. ನೀಲಿ ರಿಜಿಸ್ಟರಿನಲ್ಲಿ ಊರಿನವರೆಲ್ಲರ ಹೆಸರಿತ್ತು. ತಮ್ಮ ಹೆಸರೊಂದು ಇರಲಿಲ್ಲ. ಅವರು ತಮ್ಮ ಸ್ಕೂಲಿನಲ್ಲಿ ಕಲಿತವರಲ್ಲವಲ್ಲ. ಅವರಿಗೆ ಫೋನ್ ಮಾಡುವವರು ಯಾರು?

"ನನ್ನ ಲೈಸೆನ್ಸ್ ಸರಿಯಾಗಿದೆಯಮ್ಮ" ಎಂದರು ಸೆಕ್ರೆಟರಿ. "ಮೇಷ್ಟ್ರು ನಾಲ್ಕು ಸಲ ಫೋನ್ ಮಾಡಿದ್ರು."

"ಮನೆಯವರೇ ಆಗ್ಬೇಕು ಸರ್. ಲೈಸೆನ್ಸ್ ಇರೋರು ನನ್ನ ಮುಂದೆ ಒಂದು ರೌಂಡ್ ಓಡಿಸಿ ತೋರಿಸಿದ್ರೆ ಮಾತ್ರ ಕಾರು ಬಿಟ್ಟುಹೋಗ್ತೀನಿ. ಇಲ್ಲಾಂದ್ರೆ ವಾಪಸ್." ಹುಡುಗಿಗೆ ಪಾಪ ಎನಿಸಿತೋ ಏನೋ, ದನಿ ತಗ್ಗಿಸಿದಳು. "ಯಾವುದಾದ್ರೂ ಒಳ್ಳೆ ಡ್ರೈವಿಂಗ್ ಸ್ಕೂಲಿಗೆ ಹೋಗಿ ಸರ್. ಅವರೇ ಎಲ್ಲ ಮಾಡಿಸಿಕೊಡ್ತಾರೆ."

ಸೆಕ್ರೆಟರಿ ಕೆಮ್ಮಿದರು. ಕರೆಂಟ್ ಮಾವ ಬೀರುವಿನ ಕಡೆ ತಿರುಗಿ ಹೆಗಲು ಕುಣಿಯುವಂತೆ ನಕ್ಕರು. ಲಾರಿಯವನು ಹೊದಿಕೆ ಎತ್ತಿಕೊಂಡ.

"ಸ್ವಲ್ಪ ನಿಲ್ಲಿ" ಎಂದಿತು ಹಿಂದಿನಿಂದ ಒಂದು ದನಿ.

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು, ಪರ್ಸಿನಿಂದ ಒಂದು ಕಾರ್ಡು ತೆಗೆದು ಹುಡುಗಿಗೆ ಕೊಟ್ಟಳು. ಇನ್ನೂ ಗೀರು ಬಿದ್ದಿರದ, ಒಂಬತ್ತು ದಿನದ ಲೈಸೆನ್ಸು.

"ಇದು... ಎಲ್ಲಿ?" ಎಂದರು ಮೇಷ್ಟ್ರು.

"ಹಿಂದಿನ ರಸ್ತೆ ಡ್ರೈವಿಂಗ್ ಸ್ಕೂಲಲ್ಲಿ."

"ಮತ್ತೆ ಸಂಗೀತ?"

"ಕಲಿಸುವಾಗ ಹಾಡು ಹಾಕ್ತಾರೆ ರೀ. ಕಿರುಚಲ್ಲ."

ಡೆಲಿವರಿ ಹುಡುಗಿ, ಸೆಕ್ರೆಟರಿ, ಕರೆಂಟ್ ಮಾವ ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತರು. ಹೆಂಡತಿ ಕನ್ನಡಿ ಸರಿಮಾಡಿಕೊಂಡಳು. ಮೇಷ್ಟ್ರಿಗೆ ಉಳಿದದ್ದು ಒಂದೇ ಜಾಗ. ಅದು ಅವರಿಗೆ ಅಂಗೈಯಷ್ಟು ಪರಿಚಯದ್ದು.

ಗೇಟು ದಾಟಿ, ಮುಖ್ಯರಸ್ತೆ ದಾಟಿ, ಕಾರು ಹೆದ್ದಾರಿಗೆ ಬಂತು. ಹೆಂಡತಿ ಮೆಲ್ಲಗೆ ಕಾಲು ಊರಿದಳು. ಯಾರೋ ಹಿಂದಿನಿಂದ ಕಾಲರ್ ಹಿಡಿದು ಎಳೆದಂತಾಗಿ ಐದೂ ತಲೆಗಳು ಸೀಟಿಗೆ ಅಂಟಿದವು. ಮೇಷ್ಟ್ರ ಕಾಲು ತನ್ನಷ್ಟಕ್ಕೆ ತಾನೇ ಮುಂದೆ ಚಾಚಿ, ಹೊಸ ಮ್ಯಾಟನ್ನು ಇದ್ದಷ್ಟೂ ಬಲದಿಂದ ತುಳಿಯಿತು. ಮತ್ತೆ ತುಳಿಯಿತು.

"ಕಾಲು ತೆಗೀರಿ" ಎಂದಳು ಹೆಂಡತಿ, ಕಣ್ಣು ರಸ್ತೆಯ ಮೇಲಿಂದ ಕದಲಿಸದೆ. "ಭಯ ಬೇಡ. ನಾನಿದ್ದೀನಲ್ಲ."