ಕಸದ ಡಿಪೋಗೆ ಐದನೆಯ ದಾರಿ

ನಮ್ಮ ಪುರಸಭೆಯಲ್ಲಿ ಕಸದ ವಿಷಯ ಚರ್ಚೆಗೆ ಬಂದ ದಿನ ನಗದೇ ಮಲಗಿದವನಲ್ಲ ನಾನು. ನಗುವುದು ಮನೆಗೆ ಹೋದ ಮೇಲೆ. ಸಭೆಯಲ್ಲಿ ನಗುವಂತಿಲ್ಲ, ಏಕೆಂದರೆ ನಾನು ಅಲ್ಲಿ ಕಚೇರಿ ವ್ಯವಸ್ಥಾಪಕ. ವಿಷಯ ಓದಬೇಕು, ಆದದ್ದನ್ನು ಬರೆದುಕೊಳ್ಳಬೇಕು, ಉಳಿದ ಹೊತ್ತು ಬಾಯಿ ಮುಚ್ಚಿಕೊಂಡಿರಬೇಕು. ಮೂರನೆಯ ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿದೆ.

ಊರಿನ ಹೆಸರು ಬೇಡ. ರಾಯಬಾಗ, ಅಥಣಿ, ಕಾಗವಾಡಗಳ ನಡುವೆ ಎಲ್ಲೋ ಇದೆ ಎಂದುಕೊಳ್ಳಿ. ನನ್ನ ನಿವೃತ್ತಿ ಇನ್ನೂ ದೂರ ಇದೆ.

ಊರ ಕಸವನ್ನೆಲ್ಲ ಸುರಿಯುವ ಜಾಗಕ್ಕೆ ನಮ್ಮಲ್ಲಿ ಡಿಪೋ ಎನ್ನುತ್ತಾರೆ. ಅದು ತುಂಬಿ, ಗುಡ್ಡವಾಗಿ, ತನ್ನಷ್ಟಕ್ಕೆ ತಾನೇ ಹೊತ್ತಿಕೊಂಡು ಹೊಗೆಯಾಡುತ್ತಿತ್ತು. ಅದರ ಬದುವಿಗೆ ಹತ್ತಿಯೇ ಒಬ್ಬ ಹೆಣ್ಣುಮಗಳ ದ್ರಾಕ್ಷಿ ತೋಟ. ಊರೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತದೆ. ಗಂಡ ತೀರಿಕೊಂಡ ಮೇಲೆ ತಾವೇ ನಿಂತು ತೋಟ ಉಳಿಸಿಕೊಂಡವರು. ಹೋದ ಹಂಗಾಮಿನಲ್ಲಿ ಅವರ ಶೆಡ್ಡಿನ ಒಣದ್ರಾಕ್ಷಿಯೆಲ್ಲ ಹೊಗೆ ಕುಡಿಯಿತು. ವ್ಯಾಪಾರಿ ಒಂದು ಹಿಡಿ ಎತ್ತಿ ಮೂಸಿ, ಮತ್ತೆ ಚೀಲಕ್ಕೇ ಹಾಕಿ ಹೋದ. "ಈ ಸಲನೂ ಹಿಂಗ ಆದ್ರ ಬಳ್ಳಿ ಕಡಿಸಿ ಕಬ್ಬು ಹಚ್ಚತೀನ್ರಿ, ಅಣ್ಣಾರ," ಎಂದು ಅಕ್ಕ ನನಗೆ ಹೇಳಿದ್ದರು. ಹೇಳುವಾಗ ಮುಖ ಆ ಕಡೆ ತಿರುಗಿಸಿಕೊಂಡಿದ್ದರು.

ಅಲ್ಲಿಂದ ಕಸದ ವಿಷಯ ಇದ್ದ ಪ್ರತಿ ಸಭೆಗೂ ಬಂದು ಹಿಂದಿನ ಬೆಂಚಿನ ಮೇಲೆ ಕೂರತೊಡಗಿದರು.

ಪರದೆಯ ಮೇಲೆ ನಾಲ್ಕು

ನಮ್ಮ ಮುಖ್ಯಾಧಿಕಾರಿಗಳು ಮೈಸೂರು ಕಡೆಯವರು. ಮೊದಲ ಸಭೆಗೆ ಬಹಳ ತಯಾರಿ ಮಾಡಿಕೊಂಡು ಬಂದಿದ್ದರು. ಪರದೆ ಇಳಿಬಿಟ್ಟು, ದೀಪ ಆರಿಸಿ, ಕೋಲು ಹಿಡಿದು ನಿಂತರು.

"ನಮ್ಮ ಮುಂದೆ ಒಟ್ಟು ನಾಲ್ಕು ದಾರಿಗಳಿವೆ. ಒಂದು, ಈಗಿನ ಡಿಪೋಗೆ ಸುತ್ತ ಗೋಡೆ ಕಟ್ಟಿ ಅಲ್ಲೇ ಮುಂದುವರಿಯುವುದು. ಎರಡು, ಹಳೆಯ ರಾಶಿಯನ್ನು ಯಂತ್ರದಲ್ಲಿ ಜರಡಿ ಹಿಡಿಸಿ ಕರಗಿಸುವುದು, ಮುಂದೆ ಹಸಿ ಕಸದಿಂದ ಗೊಬ್ಬರ ಮಾಡುವುದು. ಮೂರು, ಹೊಸ ಜಾಗ. ನಾಲ್ಕು, ಪಕ್ಕದ ಪಟ್ಟಣದ ಘಟಕಕ್ಕೆ ದಿನಾ ಲಾರಿಯಲ್ಲಿ ಕಳಿಸುವುದು."

ಹಿಂದಿನ ಬೆಂಚಿನಿಂದ ಅಕ್ಕ ಕೇಳಿದರು: "ಸಾಹೇಬ್ರ, ಗೋಡಿ ಕಟ್ಟಿದ್ರಿ ಅನ್ನೂಣು. ಹೊಗಿಗೆ ಗೋಡಿ ಕಾಣತೈತೇನ್ರಿ?"

ಮೊದಲನೆಯ ದಾರಿ ಅಲ್ಲಿಗೆ ಮುಗಿಯಿತು. ಉಳಿದ ಮೂರರ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಎರಡನೆಯದಕ್ಕೆ ಯಂತ್ರ ತರಿಸಬೇಕು, ಮೂರನೆಯದಕ್ಕೆ ಜಾಗ ಹುಡುಕಬೇಕು, ನಾಲ್ಕನೆಯದಕ್ಕೆ ಪಕ್ಕದವರ ಕಾಲು ಹಿಡಿಯಬೇಕು. ಅಧ್ಯಕ್ಷರು ತರುಣರು, ಬೇಗ ಬೆವರುತ್ತಾರೆ. ಕೊನೆಗೆ ಅವರು ಸಭೆಯಲ್ಲೇ ಹಿರಿಯರಾದ ಒಬ್ಬ ಸದಸ್ಯರ ಕಡೆ ನೋಡಿದರು. ಎಷ್ಟೋ ಚುನಾವಣೆ ಗೆದ್ದವರು, ಪಕ್ಷಭೇದವಿಲ್ಲದೆ ಎಲ್ಲರಿಗೂ ಕಾಕಾ.

"ಕಾಕಾ, ನೀವರ ಏನಾರ ಹೇಳ್ರಿ."

ಕಾಕಾ ಚಷ್ಮಾ ತೆಗೆದು ಒರೆಸಿಕೊಂಡರು. "ಸಾಹೇಬ್ರು ಭಾಳ ಅಭ್ಯಾಸ ಮಾಡ್ಯಾರ, ಖರೇ. ಆದ್ರ ಐದನೇದ್ದೊಂದು ದಾರಿ ಬಿಟ್ಟಾರ."

ಮುಖ್ಯಾಧಿಕಾರಿಗಳು ಗಾಬರಿಯಿಂದ ಪರದೆ ನೋಡಿದರು. "ಯಾವುದು ಸರ್?"

"ಮುಂದಿನ ಮೀಟಿಂಗಿಗೆ ಇಡೂದು."

ಸರ್ವಾನುಮತದಿಂದ ಅಂಗೀಕಾರವಾಯಿತು.

ಎರಡು ಬೋರ್ಡು

ಮುಂದಿನ ಸಭೆಯಲ್ಲಿ ಹೊಸ ಜಾಗದ ಮಾತು. ಹೊಸ ಜಾಗ ಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಅದು ಪಕ್ಕದವರ ವಾರ್ಡಿನಲ್ಲಿರಬೇಕೆಂಬುದರಲ್ಲೂ ಇರಲಿಲ್ಲ. ಹೀಗೆ ವಾರ್ಡಿನಿಂದ ವಾರ್ಡಿಗೆ ಸರಿಯುತ್ತ ಸರಿಯುತ್ತ ಡಿಪೋ ಊರ ಹೊರಗೆ ಬಂತು. ಕೊನೆಗೆ ಮಿರಜಿನ ರಸ್ತೆಯ ಕಡೆ, ಗಡಿಯ ಮೇಲಿನ ಒಂದು ಪಡ ಬಿದ್ದ ಜಮೀನಿನಲ್ಲಿ ನಿಂತಿತು.

ಆ ಜಮೀನಿನ ಕಥೆ ಎಲ್ಲರಿಗೂ ಗೊತ್ತು. ಬರೀ ಕಲ್ಲು, ಹುಲ್ಲೂ ಹುಟ್ಟುವುದಿಲ್ಲ. ಆದರೆ ಅಲ್ಲಿ ಎರಡು ಬೋರ್ಡುಗಳಿದ್ದವು. ಒಂದರ ಮೇಲೆ ಇದು ನಮ್ಮ ರಾಜ್ಯದ್ದು ಎಂದು ಕನ್ನಡದಲ್ಲಿ, ಇನ್ನೊಂದರ ಮೇಲೆ ಅದೇ ಮಾತು ಮರಾಠಿಯಲ್ಲಿ. ಎರಡೂ ಕಡೆಯ ಹುಡುಗರು ವರ್ಷಕ್ಕೊಮ್ಮೆ ಬಂದು ತಂತಮ್ಮ ಬೋರ್ಡಿಗೆ ಬಣ್ಣ ಬಳಿದು, ಘೋಷಣೆ ಕೂಗಿ, ರಸ್ತೆಯ ಒಂದೇ ಗಾಡಿಯಲ್ಲಿ ಭಜಿ ತಿಂದು ಹೋಗುತ್ತಿದ್ದರು.

ಅಲ್ಲಿ ಡಿಪೋ ಬರುತ್ತದಂತೆ ಎಂಬ ಸುದ್ದಿ ಹಬ್ಬಿತು. ಮರುದಿನವೇ ಈ ಕಡೆಯ ಮುಖಂಡರು ಕಚೇರಿಗೆ ಬಂದರು.

"ಸಾಹೇಬ್ರ, ಆ ಜಮೀನು ನಮ್ದಲ್ಲರಿ. ಸುಮ್ಮ ಯಾಕ ಇನ್ನೊಬ್ಬರ ಜಾಗಾಕ್ಕ ಕೈ ಹಾಕ್ತೀರಿ? ಅದು ಮೊದಲಿಂದ ಅವರದ."

ಅವರು ಕುಡಿದ ಚಹಾದ ಕಪ್ಪು ಎತ್ತುವ ಮೊದಲೇ ಆ ಕಡೆಯ ಮುಖಂಡರು ಬಂದರು. ಅವರ ಮಾತು ಮರಾಠಿ. "ಸಾಹೇಬ, ತೀ ಜಮೀನ ತುಮಚೀಚ ಆಹೆ." ಆ ಜಮೀನು ನಿಮ್ಮದೇ ಎಂದು. ಮುಖ್ಯಾಧಿಕಾರಿಗಳಿಗೆ ತಿಳಿಯಲಿಲ್ಲವೇನೋ ಎಂದು ಕನ್ನಡದಲ್ಲೂ ಹೇಳಿದರು: "ಕರ್ನಾಟಕದ್ದರಿ ಅದು. ನಮ್ಮಜ್ಜಾ ಸಾಯೂ ಮುಂದ ಹೇಳಿ ಸತ್ತಾನ."

ಎರಡೂ ಕಡೆಯವರು ಎದುರೆದುರೇ ನಿಂತು "ಇಲ್ಲಿಲ್ಲ, ನಿಮ್ದ," "ಏ, ನಿಮ್ದ ರೀ," ಎಂದು ಒಬ್ಬರಿಗೊಬ್ಬರು ಉಪಚಾರ ಮಾಡಿದ್ದನ್ನು ನೋಡಿದರೆ, ಮದುವೆಯಲ್ಲಿ ಬೀಗರು ಮೊದಲು ಯಾರು ಕೂರಬೇಕೆಂದು ಜಗ್ಗಾಡಿದಂತಿತ್ತು.

ನಾವು ಸ್ಥಳ ಪರೀಕ್ಷೆಗೆ ಹೋದಾಗ ಎರಡೂ ಬೋರ್ಡು ಇರಲಿಲ್ಲ. ಎರಡು ಕುಣಿ ಮಾತ್ರ ಇದ್ದವು. ಕಾಕಾ ಕುಣಿಗಳನ್ನು ಬಗ್ಗಿ ನೋಡಿ, ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಇಷ್ಟು ವರ್ಷದ ಜಗಳ. ಮೊದಲ ಎರಡು ಟ್ರಾಲಿ ಕಸಾ ತಂದು ಒಗದಿದ್ರ ಅವತ್ತ ಮುಗದ ಹೋಗತಿತ್ತು."

ಯಾರದೂ ಅಲ್ಲದ ಜಮೀನಿನಲ್ಲಿ ಡಿಪೋ ಮಾಡಲು ಯಾವ ಕಾಯಿದೆಯಲ್ಲೂ ಅವಕಾಶ ಇರಲಿಲ್ಲ. ಮೂರನೆಯ ದಾರಿಯೂ ಮುಗಿಯಿತು. ಕಚೇರಿಯ ಬಾಗಿಲಲ್ಲಿ ಅಕ್ಕ ಕೇಳಿದರು: "ಜಾಗಾ ಸಿಕ್ಕಿತೇನ್ರಿ, ಅಣ್ಣಾರ?" ನಾನು ಇಲ್ಲವೆಂದೆ. "ಬಳ್ಳಿಗಿ ಕಾಯಿ ಹಿಡದಾವ್ರಿ," ಎಂದಷ್ಟೇ ಹೇಳಿ ಹೋದರು.

ವಾಸನೆ ಬಂದಲ್ಲಿ ನಿಲ್ಲಿಸು

ಯಂತ್ರದ ತಾಪತ್ರಯಕ್ಕೆ ಹೆದರಿ ಎರಡನೆಯ ದಾರಿಯನ್ನು ಯಾರೂ ಎತ್ತಲಿಲ್ಲ. ಉಳಿದದ್ದು ಪಕ್ಕದ ಪಟ್ಟಣದ ಘಟಕ. ಅದನ್ನು ಕಣ್ಣಾರೆ ನೋಡಿಕೊಂಡು ಬರಲು ಇಡೀ ಸಭೆ ಮಿನಿ ಬಸ್ಸಿನಲ್ಲಿ ಹೊರಟಿತು. ಡ್ರೈವರನಿಗೆ ದಾರಿ ಗೊತ್ತಿರಲಿಲ್ಲ. ಕಾಕಾ ಮುಂದಿನ ಸೀಟಿನಲ್ಲಿ ಕೂತು ಹೇಳಿದರು:

"ದಾರಿ ಏನ್ ಕೇಳ್ತಿಯೋ? ಖಿಡಕಿ ತಗದಿಡು. ವಾಸನಿ ಬಂದಲ್ಲಿ ನಿಲ್ಲಸು."

ಜನಪ್ರತಿನಿಧಿಗಳೆಲ್ಲ ಕಿಟಕಿಗೆ ಮೂಗು ಕೊಟ್ಟು ಕೂತರು. ಒಂದು ಕಡೆ ಜೋರಾಗಿ ವಾಸನೆ ಬಂತು. "ಹಾಂ, ಇದ, ಇದ!" ಎಂದು ನಾಲ್ಕಾರು ಮಂದಿ ಒಟ್ಟಿಗೆ ಕೂಗಿದರು. ಬಸ್ಸು ದೊಡ್ಡ ಗೇಟಿನ ಮುಂದೆ ನಿಂತಿತು. ಅಧ್ಯಕ್ಷರು ಇಳಿದು, ಅಂಗಿ ಸರಿ ಮಾಡಿಕೊಂಡು ವಾಚಮನ್ನನ ಹತ್ತಿರ ಹೋದರು.

"ನಾವು ಪುರಸಭೆಯವ್ರು. ನಿಮ್ಮ ಕಸಾ ನೋಡಾಕ ಬಂದೀವಿ."

ವಾಚಮನ್ ಅವರನ್ನೂ ಬಸ್ಸನ್ನೂ ನೋಡಿದ. "ಇದು ಸಕ್ರಿ ಕಾರ್ಖಾನಿ ಐತ್ರಿ."

ಘಟಕವನ್ನು ನಾವು ಅಷ್ಟೊತ್ತಿಗೇ ಎರಡು ಸಲ ದಾಟಿ ಹೋಗಿದ್ದೆವು. ಗೇಟಿನ ಬದಿಗೆ ಚೆಂಡುಹೂವು ಬೆಳೆದಿದ್ದರಿಂದ ಯಾವುದೋ ಮಠ ಇರಬೇಕೆಂದು ಒಬ್ಬ ಸದಸ್ಯರು ಕೈ ಬೇರೆ ಮುಗಿದಿದ್ದರು. ಒಳಗೆ ಹೋದರೆ ವಾಸನೆ ಇಲ್ಲ, ನೊಣ ಇಲ್ಲ, ನಾಯಿ ಇಲ್ಲ. ಕಾಕಾಗೆ ಸಂಶಯ. ಅಲ್ಲಿಯ ಮೇಲ್ವಿಚಾರಕನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು: "ಇದು ಬಂದವರಿಗೆ ತೋರಸೂದು. ಖರೇ ಕಸಾ ಎಲ್ಲಿಟ್ಟೀರಿ?"

"ಇದ ರೀ ಖರೇದ್ದು. ಹಸೀ ಕಸಾ ಬ್ಯಾರೆ, ಒಣಾ ಕಸಾ ಬ್ಯಾರೆ ಬರತೈತಿ. ಅಷ್ಟ."

"ನಮ್ಮ ಊರಿಂದು ಇಲ್ಲಿಗೆ ತಂದ್ರ ನಡೀತೈತೇನು?"

"ತರ್ರಿ. ಆದ್ರ ನಿಮ್ಮ ಮನಿಗಳಾಗ ಬ್ಯಾರೆ ಮಾಡಿ ತರ್ರಿ."

ಮರಳುವಾಗ ಬಸ್ಸಿನಲ್ಲಿ ಒಬ್ಬರು ಹೇಳಿದರು: "ಮನ್ಯಾಗ ನಮ್ಮ ಮಾತು ಯಾರ ಕೇಳ್ತಾರ್ರಿ?"

ಅಧ್ಯಕ್ಷರ ಮನೆ

ಆದರೂ ಮನೆ ಮನೆಗೆ ಎರಡೆರಡು ಬಕೆಟ್ ಹಂಚಿದೆವು. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ. ಕೆಲವು ದಿನ ಬಿಟ್ಟು ಆರೋಗ್ಯ ನಿರೀಕ್ಷಕರು ತಪಾಸಣೆಗೆ ಹೊರಟರು. ಮಾದರಿಯಾಗಲೆಂದು ಅಧ್ಯಕ್ಷರು ತಮ್ಮ ಮನೆಯಿಂದಲೇ ಶುರು ಮಾಡಲು ಹೇಳಿದರು. ಅಧ್ಯಕ್ಷರ ತಾಯಿ ನಿರೀಕ್ಷಕರನ್ನು ಕೂರಿಸಿ, ಬಿಸಿಲಲ್ಲಿ ಬಂದಿದ್ದಾರೆಂದು ತಂಪು ಮಜ್ಜಿಗೆ ಕೊಟ್ಟರು. ಕುಡಿದು ಮುಗಿಸಿದ ಮೇಲೆ ಅವರು ಬಕೆಟ್ ಎಲ್ಲಿ ಎಂದು ಕೇಳಿದರು.

"ಇಷ್ಟು ಚಲೋ ಬಕೇಟಿನ್ಯಾಗ ಕಸಾ ಹಾಕ್ತಾರೇನೋ ತಮ್ಮಾ?" ಎಂದರಂತೆ ಆ ತಾಯಿ. "ಮುಚ್ಚಳಾ ಬ್ಯಾರೆ ಐತಿ!"

ಮುಂದಿನ ಸಭೆಯಲ್ಲಿ ನಿರೀಕ್ಷಕರು ಎದ್ದು ನಿಂತು ವರದಿ ಕೊಟ್ಟರು: "ಅಧ್ಯಕ್ಷರ ಮನ್ಯಾಗ ಹಸೀದು ಬ್ಯಾರೆ, ಒಣೀದು ಬ್ಯಾರೆ, ಬರೋಬ್ಬರಿ ಇಟ್ಟಾರ್ರಿ. ಹಸರ ಬಕೇಟಿನ್ಯಾಗ ಮಜ್ಜಿಗಿ, ನೀಲಿ ಬಕೇಟಿನ್ಯಾಗ ಜ್ವಾಳ."

ಆ ಸಭೆ ಮುಗಿಯುವಾಗ ಕಾಕಾ ಮತ್ತೆ ತಮ್ಮ ಐದನೆಯ ದಾರಿ ನೆನಪಿಸಿದರು. ಎಲ್ಲರೂ ಸಂತೋಷದಿಂದ ಅದನ್ನೇ ಹಿಡಿದರು. ಹಿಂದಿನ ಬೆಂಚಿನಲ್ಲಿ ಅಕ್ಕ ಸೆರಗು ಕೊಡವಿ ಎದ್ದು ಹೋದರು. ನನಗೆ ಅವತ್ತು ಮನೆಯಲ್ಲೂ ಅಷ್ಟು ನಗು ಬರಲಿಲ್ಲ.

ಚರಗದ ಊಟ

ಎಳ್ಳಮಾಸೆ ಹತ್ತಿರ ಬಂದಿತ್ತು. ಆ ದಿನ ನಮ್ಮ ಕಡೆ ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಅಂದರೆ ಮಾಡಿದ ಅಡಿಗೆಯನ್ನು ಮೊದಲು ಭೂಮಿತಾಯಿಗೆ ಎರಚಿ, ಆಮೇಲೆ ಎಲ್ಲರೂ ಅಲ್ಲೇ ಕೂತು ಉಣ್ಣುತ್ತಾರೆ. ಚರಗಕ್ಕೆ ಕರೆದರೆ ವೈರಿಯೂ ಇಲ್ಲ ಎನ್ನುವುದಿಲ್ಲ.

ಅಕ್ಕ ತಾವೇ ಕಚೇರಿಗೆ ಬಂದರು. ಅಧ್ಯಕ್ಷರಿಂದ ಹಿಡಿದು ಎಲ್ಲರನ್ನೂ ಕರೆದರು. "ಸಭಾಕ್ಕ ಸಭಾನ ಬರಬೇಕ್ರಿ. ಒಬ್ಬರೂ ತಪ್ಪಸಬ್ಯಾಡ್ರಿ." ಯಾರೂ ತಪ್ಪಿಸಲಿಲ್ಲ. ಕೋರಮ್ಮಿಗೆ ಎಷ್ಟೋ ಸಲ ಕಾದು ಕೂತವನು ನಾನು; ಅಂಥ ಹಾಜರಿ ಹಿಂದೆಂದೂ ನೋಡಿರಲಿಲ್ಲ.

ದ್ರಾಕ್ಷಿ ಸಾಲಿನ ಆಚೆ ಸ್ವಲ್ಪ ಜೋಳ ಇತ್ತು. ಅಕ್ಕ ಅಲ್ಲಿ ಚರಗ ಚೆಲ್ಲಿ ಬಂದು, ಬದುವಿನ ಮೇಲೆ ನಮಗೆ ಜಮಖಾನೆ ಹಾಸಿದರು. ಬದುವಿನ ಆಚೆ ಡಿಪೋ. ಗಾಳಿ ಆ ಕಡೆಯಿಂದ ಈ ಕಡೆಗೆ.

ಸಜ್ಜೆ ರೊಟ್ಟಿ, ಎಣಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಮೇಲೆ ತುಪ್ಪ. ಮೊದಲ ತುತ್ತು ಬಾಯಿಗೆ ಹೋಗುವ ಮೊದಲೇ ನೊಣಗಳು ಬಂದವು. ಆಮೇಲೆ ಹೊಗೆ ಬಂತು. ಅಧ್ಯಕ್ಷರು ಕೆಮ್ಮುತ್ತ ಕೇಳಿದರು: "ಅಕ್ಕಾ, ಸ್ವಲ್ಪ ಆ ಕಡೆ ಕುಂಡರೂಣೇನ್ರಿ?"

"ಆ ಕಡೆ ಬಿಸಲ ಐತ್ರಿ. ಇಲ್ಲೇ ಆರಾಮ ಕುಂಡರ್ರಿ. ನಾವು ದಿನಾ ಇಲ್ಲೇ ಉಣ್ಣತೇವಿ." ಹೋಳಿಗೆಯ ಬುಟ್ಟಿ ಹಿಡಿದು ಸಾಲಿನಲ್ಲಿ ಬಂದರು. "ಸಾಹೇಬ್ರ, ಇನ್ನೊಂದು ಹಾಕ್ಸ್ಗೋರಿ. ಕಾಕಾ, ತುಪ್ಪಾ ನೀಡ್ಲಿ? ನೊಣಾ ಬಿದ್ದತೇನು? ಇರ್ಲಿ ಬಿಡ್ರಿ, ಬ್ಯಾರೆ ನೀಡತೇನಿ."

ಅವರ ದನಿಯಲ್ಲಿ ಒಂದಿಷ್ಟೂ ಕೊಂಕು ಇರಲಿಲ್ಲ. ಅದೇ ಕಷ್ಟವಾಗಿತ್ತು. ಹಬ್ಬದ ದಿನ ನೀಡಿದ್ದನ್ನು ಬಿಟ್ಟು ಏಳುವ ಹಾಗಿಲ್ಲ. ಬಲಗೈಯಲ್ಲಿ ಉಣ್ಣುವುದು, ಎಡಗೈಯಲ್ಲಿ ನೊಣ ಹೊಡೆಯುವುದು, ನಡುನಡುವೆ ಕಣ್ಣೊರೆಸಿಕೊಳ್ಳುವುದು. ನೋಡಿದವರು ಯಾರೋ ತೀರಿಕೊಂಡಿದ್ದಾರೆ ಎಂದುಕೊಳ್ಳಬೇಕು.

ನಾಲ್ಕನೆಯ ನೊಣವೋ ಐದನೆಯದೋ ತಟ್ಟೆಗೆ ಬಿದ್ದಾಗ ಕಾಕಾ ಮುಖ್ಯಾಧಿಕಾರಿಗಳ ಕಡೆ ವಾಲಿದರು. "ಸಾಹೇಬ್ರ, ಆ ಎರಡನೇ ದಾರಿ ಯಾವ್ದಿತ್ತು?"

ಮುಖ್ಯಾಧಿಕಾರಿಗಳ ಬಾಯಿ ತುಂಬ ಹೋಳಿಗೆ. ನುಂಗಿಕೊಂಡು ಹೇಳಿದರು: "ಜರಡಿ ಸರ್. ಹಳೇ ರಾಶಿ ಕರಗಿಸೋದು."

"ಯಾವ ಕಡೆಯಿಂದ ಶುರು ಮಾಡಾಕ ಬರತೈತಿ?"

"ಯಾವ ಕಡೆಯಿಂದ ಬೇಕಾದರೂ ಆಗುತ್ತೆ. ಈ ಬದುವಿನ ಕಡೆಯಿಂದಲೇ ಮಾಡಬಹುದು."

ಅಧ್ಯಕ್ಷರು ತಟ್ಟೆ ಹಿಡಿದುಕೊಂಡೇ ಅರ್ಧ ಎದ್ದರು. "ಎರಡನೇದ್ದಕ್ಕ ಒಪ್ಪಿಗಿ ಇದ್ದವರು ಕೈ ಎತ್ರಿ."

ನಾನು ನೋಡಿದೆ. ಎಲ್ಲರ ಎಡಗೈಯೂ ಆಗಲೇ ಮೇಲಿತ್ತು. ಅದರಲ್ಲಿ ಯಾವ ಕೈ ಒಪ್ಪಿಗೆಗೆ, ಯಾವ ಕೈ ನೊಣಕ್ಕೆ ಎಂದು ಕೇಳುವುದು ನನ್ನ ಕೆಲಸವಲ್ಲ.

ಬದುವಿನ ಮೇಲೆ ಆದದ್ದನ್ನು ಸಭೆ ಎನ್ನಲಾಗದು. ಆದ್ದರಿಂದ ಅದನ್ನು ಮತ್ತೆ ಕಚೇರಿಯಲ್ಲಿ ವಿಧಿಪೂರ್ವಕ ಮಂಡಿಸಿದೆ. ಚಹಾ ಬರುವಷ್ಟರಲ್ಲಿ ಠರಾವು ಮುಗಿದಿತ್ತು. ಹೊತ್ತಿದ್ದ ರಾಶಿಗೆ ನೀರು ಹೊಡೆದು ಮಣ್ಣು ಮುಚ್ಚಿಸಿದರು, ಆಮೇಲೆ ಯಂತ್ರ ಬಂತು, ಅಕ್ಕನ ಬದುವಿನ ಕಡೆಯಿಂದಲೇ ಜರಡಿ ಶುರುವಾಯಿತು. ಅಕ್ಕ ಶೆಡ್ಡಿನಲ್ಲಿ ದ್ರಾಕ್ಷಿ ಹರಡುವ ಹೊತ್ತಿಗೆ ಆ ಕಡೆ ಹೊಗೆ ಇರಲಿಲ್ಲ. ಅದೇ ವ್ಯಾಪಾರಿ ಮತ್ತೆ ಬಂದು ಒಂದು ಹಿಡಿ ಎತ್ತಿ ಮೂಸಿ, ಈ ಸಲ ಬಾಯಿಗೆ ಹಾಕಿಕೊಂಡನಂತೆ. ಬಳ್ಳಿ ಉಳಿದವು.

ಮತ್ತೊಂದು ಎಳ್ಳಮಾಸೆ ಬಂತು. ಅಕ್ಕನಿಂದ ಕರೆ ಬರಲಿಲ್ಲ. ಸದಸ್ಯರು ಒಬ್ಬೊಬ್ಬರಾಗಿ ನನ್ನ ಟೇಬಲ್ಲಿನ ಹತ್ತಿರ ಬಂದು, ಬೇರೆ ಏನೋ ಮಾತು ತೆಗೆದು, ಕೊನೆಗೆ ಅದನ್ನೇ ಕೇಳಿದರು. ಅಧ್ಯಕ್ಷರಿಗಂತೂ ಮನಸ್ಸಿಗೆ ನೋವಾಗಿತ್ತು. "ಇಷ್ಟು ಕೆಲಸಾ ಮಾಡಿಕೊಟ್ಟೀವಿ. ಒಂದು ಮಾತು ಕರೀಬಾರದೇನ್ರಿ?"

ಸಂತೆಯಲ್ಲಿ ಅಕ್ಕ ಸಿಕ್ಕಾಗ ನಾನೇ ಕೇಳಿಬಿಟ್ಟೆ. ಅವರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹೊಗಿ ಇಲ್ಲ, ನೊಣಾ ಇಲ್ಲ. ಇನ್ನ ನಿಮ್ಮನ್ನ್ಯಾಕ ಕರೀಲ್ರಿ, ಅಣ್ಣಾರ?"

ಅದನ್ನು ಹಾಗೆಯೇ ಸಭೆಗೆ ತಿಳಿಸಿದೆ. ಕಾಕಾ ಚಷ್ಮಾ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ದೊಡ್ಡದೊಂದು ಉಸಿರು ಬಿಟ್ಟರು.

"ಮುಂದಿನ ಮೀಟಿಂಗಿಗೆ ಇಡೂಣು ಅಂತ ನಾ ಅವತ್ತ ಬಡಕೊಂಡೆ. ಇಟ್ಟಿದ್ರ ಪ್ರತಿ ವರ್ಷಾ ಹೋಳಿಗಿ ಸಿಗತಿತ್ತು."