ಚಾವಡಿಯ ತೊಲೆಗೆ ಮಾವ ಕಟ್ಟಿದ ಎಳೆ

ಆ ದಿನದ ಸಭೆ ಕೆಡುವುದಕ್ಕೆ ಶುರುವಾದದ್ದು ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ. ಹೀಗೆಂದು ಬರೆದ ಕೂಡಲೇ ನಮ್ಮ ಸೋದರಮಾವ ಹೆಗಲ ಹಿಂದೆ ಬಂದು ನಿಂತು, "ಯಾರ ಗಡಿಯಾರದಾಗೆ?" ಎಂದು ಕೇಳುತ್ತಾರೆ. ಚಾವಡಿಯ ಗಡಿಯಾರದಲ್ಲಿ ಎಂದರೆ, "ಅದಕ್ಕೆ ಕೀಲಿ ಕೊಡೋನು ಯಾರು? ಜವಾನ. ಮನೀಗೆ ಹೋಗೋ ಆತುರ ಇರೋನು ಮುಳ್ಳನ್ನ ಮುಂದಕ್ಕೆ ತಳ್ಳದೆ ಬಿಡ್ತಾನಾ?" ಎನ್ನುತ್ತಾರೆ. ಆದ್ದರಿಂದ ಮೂರು ಹತ್ತು ಎಂಬುದು ಚಾವಡಿಯ ಲೆಕ್ಕ. ಮಾವನ ಲೆಕ್ಕದಲ್ಲಿ ಆಗ ಇನ್ನೂ ಮೂರು ಹೊಡೆದೇ ಇರಲಿಲ್ಲ.

ಈ ಜಗತ್ತಿನಲ್ಲಿ ನಮ್ಮ ಮಾವ ನಂಬುವ ವಸ್ತು ಒಂದೇ ಒಂದು. ಅದು ಅವರೇ ಹುರಿ ಮಾಡಿದ ರೇಷ್ಮೆಯ ಎಳೆ. ಅದನ್ನೂ ಎರಡು ಸಲ ಎಳೆದು ನೋಡಿದ ಮೇಲೆ ನಂಬುವುದು!

ಮಾವ ನೇಕಾರರು. ಮೊಳಕಾಲ್ಮುರಿನಿಂದ ಮಗ್ಗ ಕಿತ್ತುಕೊಂಡು ಬಂದು ನಮ್ಮೂರಿನಲ್ಲಿ ನೆಲೆ ನಿಂತವರು. ನಮ್ಮೂರು ಚಳ್ಳಕೆರೆಗೂ ಮೊಳಕಾಲ್ಮುರಿಗೂ ನಡುವಿನ ಗಾಡಿದಾರಿಯಲ್ಲಿದೆ. ಹೆಸರು ಹೇಳುವುದಿಲ್ಲ. ಹೇಳಿದರೆ, "ಊರಿನ ಹೆಸರು ಇವನು ಯಾಕೆ ಹೇಳಿದ, ಯಾರು ಹೇಳಿಸಿದ್ರು?" ಎಂದು ಮಾವ ವಿಚಾರಣೆ ಶುರು ಮಾಡುತ್ತಾರೆ. ಪ್ಲೇಗಿನ ವರ್ಷ ನನ್ನ ಅಪ್ಪ, ಅವ್ವ ಇಬ್ಬರೂ ಹೋದರು. ಅಂದಿನಿಂದ ನನ್ನನ್ನು ಸಾಕಿ, ಮೈಸೂರಿಗೆ ಕಳಿಸಿ, ಬಿ.ಎ. ಓದಿಸಿದವರು ಇದೇ ಮಾವ.

ಓದಿಸಿದರೇನೋ ಸರಿ, ಓದಿದೆ ಎಂದು ನಂಬಿಸುವುದು ಹೇಗೆ? ಮೈಸೂರಿನಿಂದ ನಾನು ವಾರಕ್ಕೊಂದು ಕಾಗದ ಬರೆಯುತ್ತಿದ್ದೆ. ಮಾವ ಅದನ್ನು ಒಡೆಯುವ ಮುಂಚೆ ರೇಷ್ಮೆ ತೂಗುವ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದರಂತೆ. ಒಂದು ವಾರ ಟಪಾಲಿನವನನ್ನು ಜಗಲಿಯ ಮೇಲೆಯೇ ಹಿಡಿದು ನಿಲ್ಲಿಸಿದರು.

"ಹೋದ ವಾರದ್ದಕ್ಕಿಂತ ಇದು ಹಗುರ ಐತೆ. ಒಂದು ಹಾಳೆ ಎಲ್ಲಿ?"

"ಹುಡುಗ ಕಮ್ಮಿ ಬರ್ದಿರ್ಬೇಕು ಯಜಮಾನ್ರೆ."

"ನನ್ನ ಅಳಿಯ ಕಮ್ಮಿ ಬರೆಯೋನಲ್ಲ. ನೀನು ಚೀಲ ತೆಗಿ."

ನಿಜ ಹೇಳುತ್ತೇನೆ, ಆ ವಾರ ನಾನು ಇಸ್ಪೀಟಾಡುತ್ತ ಕೂತು ಕಮ್ಮಿಯೇ ಬರೆದಿದ್ದೆ. ಪಾಪ, ಟಪಾಲಿನವನ ಚೀಲವೆಲ್ಲ ಜಗಲಿಯ ಮೇಲೆ ಹರಡಿತು. ಸುದ್ದಿ ತಿಳಿದ ಮೇಲೆ ತೂಕ ಸರಿಹೋಗಲಿ ಎಂದು ಒಂದೊಂದು ಖಾಲಿ ಹಾಳೆ ಸೇರಿಸತೊಡಗಿದೆ. ಖಾಲಿ ಹಾಳೆಯಲ್ಲಿ ನಾನು ಏನು ಅಡಗಿಸಿದ್ದೇನೆ ಎಂದು ಮಾವ ಅದನ್ನು ದೀಪಕ್ಕೆ ಹಿಡಿದು ಹಿಡಿದು ನೋಡಿ, ಅರ್ಧದಷ್ಟನ್ನು ಸುಟ್ಟರು.

ಡಿಗ್ರಿ ಕಾಗದದ ಕಥೆ ಇನ್ನೂ ದೊಡ್ಡದು. ಇಂಗ್ಲಿಷಿನಲ್ಲಿ ಇದೆ, ಪಾಸೋ ಫೇಲೋ ಯಾರಿಗೆ ಗೊತ್ತು? ಚಳ್ಳಕೆರೆಗೆ ಒಯ್ದು ಸ್ಕೂಲಿನ ಹೆಡ್ ಮಾಸ್ತರರಿಂದ ಓದಿಸಿದರು. ಅವರು ಪಾಸು ಎಂದರು. ಅಲ್ಲಿಂದ ಆಸ್ಪತ್ರೆಗೆ ಹೋಗಿ ಡಾಕ್ಟರರಿಂದ ಓದಿಸಿದರು. ಅವರೂ ಪಾಸು ಎಂದರು. ಮಾವ ಮನೆಗೆ ಬಂದು ನನ್ನ ಮುಖವನ್ನೇ ನೋಡುತ್ತ, "ಇಬ್ರೂ ಒಂದೇ ಮಾತು ಹೇಳ್ತಾರೆ ಅಂದ್ರೆ ಮೊದ್ಲೇ ಮಾತಾಡ್ಕೊಂಡವ್ರೆ" ಎಂದರು.

ಇಂಥವರ ಅಳಿಯನಾದ ನನಗೆ ಸಿಕ್ಕ ಮೊದಲ ಕೆಲಸ ಊರಿನ ಮುನಿಸಿಪಾಲಿಟಿಯ ಗುಮಾಸ್ತಿಕೆ. ಸಭೆಯಲ್ಲಿ ಯಾರು ಏನು ಹೇಳಿದರೆಂದು ನಡವಳಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಅಧ್ಯಕ್ಷರು ಚಳ್ಳಕೆರೆಯ ಅಮಲ್ದಾರರು. ಸಭೆಯಿದ್ದ ದಿನ ಎತ್ತಿನ ಗಾಡಿಯಲ್ಲಿ ಬರುತ್ತಿದ್ದರು. ಸಭೆ ಊರ ಚಾವಡಿಯಲ್ಲಿ. ಮಾಳಿಗೆಯ ನಡುವೆ ಒಂದು ಬೆಳಕಿಂಡಿ, ಅದರ ಬೆಳಕು ಬೀಳುವ ಕಡೆ ನನ್ನ ಮೇಜು. ಬರೆಯುವವನಿಗೆ ಬೆಳಕು ಬೇಕಲ್ಲ? ಆದರೆ ಆ ಮೇಜು ಸರಿಯಾಗಿ ನಡುದೊಲೆಯ ಕೆಳಗೆ ಇತ್ತು. ಮೊದಲ ದಿನವೇ ಬಂದು ನೋಡಿದ ಮಾವ ತೊಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೊರಟುಹೋದರು.

ನಮ್ಮ ಸೀಮೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ ಸೊಪ್ಪು, ಅದರ ಮೇಲೆ ಕರಲು ಮಣ್ಣು. ಮಳೆಗಾಲಕ್ಕೆ ಮುಂಚೆ ಪ್ರತಿ ಮನೆಯವರೂ ಹಳೆಯ ಮಣ್ಣನ್ನು ಕೆರೆದು ತೆಗೆದು ಹೊಸದನ್ನು ಹರಡುತ್ತಾರೆ. ಚಾವಡಿಗೂ ಪ್ರತಿ ವರ್ಷ ಹೊಸ ಮಣ್ಣು ಬೀಳುತ್ತಿತ್ತು. ಹಳೆಯದನ್ನು ಮಾತ್ರ ಯಾರೂ ತೆಗೆಯುತ್ತಿರಲಿಲ್ಲ. ಯಾಕೆಂದರೆ ಮುನಿಸಿಪಾಲಿಟಿಯಲ್ಲಿ ಮಣ್ಣು ಹಾಕುವುದಕ್ಕೆ ಖರ್ಚಿನ ಬಾಬ್ತು ಇತ್ತು, ತೆಗೆಯುವುದಕ್ಕೆ ಬಾಬ್ತು ಇರಲಿಲ್ಲ!

ಮಾವ ಏಣಿ ಹಾಕಿ ಮಾಳಿಗೆ ಹತ್ತಿ, ಬೆಳಕಿಂಡಿಯ ಅಂಚನ್ನು ಉಗುರಿನಿಂದ ಕೆರೆದು, ಪದರ ಎಣಿಸಿಕೊಂಡು ಬಂದರು. ಮುಂದಿನ ಸಭೆಯಲ್ಲಿ ಕೈಮುಗಿದು ನಿಂತರು.

"ಒಂಬತ್ತು ಪದರ ಐತೆ ಸ್ವಾಮಿ. ಒಂಬತ್ತು ವರ್ಷದ ಮಣ್ಣು ಇವನ ತಲೆ ಮೇಲೈತೆ. ಮೊದ್ಲು ಅದನ್ನ ತೆಗ್ಸಿ."

ಗುತ್ತಿಗೆದಾರ ನಕ್ಕ. ವರ್ಷ ವರ್ಷವೂ ಮಣ್ಣು ಹಾಕುತ್ತಿದ್ದವನು ಅವನೇ. "ಹಾಕಿದ್ದನ್ನ ತೆಗೆಯೋದಾ? ಹಂಗಾದ್ರೆ ಯಾಕೆ ಹಾಕಿದ್ರಿ ಅಂತ ಮೇಲಿನೋರು ಕೇಳಲ್ವಾ?"

ಅಮಲ್ದಾರರಿಗೆ ಈ ಮಾತು ಬಹಳ ತೂಕದ್ದೆನಿಸಿತು. ನಾನು ಅದನ್ನು ಬರೆದುಕೊಂಡೆ.

ಮಾರನೆಯ ದಿನ ಮಾವ ಒಂದು ಎಳೆ ರೇಷ್ಮೆ ತಂದರು. ಒಂದು ತುದಿಯನ್ನು ನಡುದೊಲೆಗೆ ಬಿಗಿದು, ಇನ್ನೊಂದು ತುದಿಗೆ ಬೆಣಚುಕಲ್ಲು ಕಟ್ಟಿ, ನನ್ನ ಮೇಜಿನ ಪಕ್ಕದಲ್ಲಿ ಇಳಿಬಿಟ್ಟರು. ಕಲ್ಲಿಗೂ ನೆಲದ ಚಪ್ಪಡಿಗೂ ನಡುವೆ ಒಂದು ಬೆರಳಿನ ಅಂತರ. "ತೊಲೆ ಬಗ್ಗಿದ್ರೆ ಕಲ್ಲು ಇಳೀತೈತೆ. ಕಲ್ಲು ನೆಲ ಮುಟ್ಟಿದ ದಿನ ನೀನು ಇಲ್ಲಿ ಇರ್ಬಾರ್ದು, ತಿಳೀತಾ?"

ಎಳೆಯನ್ನು ನೋಡಿದ ಜವಾನನಿಗೆ ಇದು ಮಾಟವೇ ಎಂದು ಖಾತ್ರಿಯಾಯಿತು. ಅದನ್ನು ಬಿಟ್ಟು ಸುತ್ತ ಕಸ ಗುಡಿಸತೊಡಗಿದ. ಆ ಭಯದಿಂದಲೇ ಎಳೆ ಉಳಿಯಿತು. ವಾರಗಳು ಕಳೆದವು. ಬೆರಳಿನ ಅಂತರ ಅರ್ಧ ಬೆರಳಾಯಿತು. "ರೇಷ್ಮೆ ಹಿಗ್ಗೈತೆ, ಅಷ್ಟೆ" ಎಂದ ಗುತ್ತಿಗೆದಾರ. ಮಾವನಿಗೆ ಮೈಯೆಲ್ಲ ಉರಿಯಿತು. "ನನ್ನ ಹುರಿ ಹಿಗ್ಗಲ್ಲ." ನಾಚಿಕೆಯಿಂದ ಹೇಳುತ್ತೇನೆ, ಬಿ.ಎ. ಓದಿದ ನಾನೂ ಹಿಗ್ಗಿರಬೇಕೆಂದೇ ನಂಬಿದ್ದೆ.

ಆ ದಿನದ ಸಭೆ ಸರ್ಕಾರದಿಂದ ಬಂದ ಸಹಾಯಧನದ ಬಗ್ಗೆ. ಚಾವಡಿಯ ಮಾಳಿಗೆಗೆ ಮಣ್ಣು, ಮೆಟ್ಟಿಲುಬಾವಿಯ ಸುತ್ತ ತಡೆಗೆ ಕಟಾಂಜನ, ಬೀದಿಗೆ ಮೂರು ದೀಪದ ಕಂಬ. ಮಣ್ಣು, ಕಟಾಂಜನ ಯಾರಿಗೂ ಬೇಕಿರಲಿಲ್ಲ. ಕಂಬ ಯಾರ ಮನೆ ಮುಂದೆ ಎಂಬುದೇ ಊರಿನ ಪ್ರಶ್ನೆ. ಇರುವುದು ಮೂರು ಕಂಬ, ಊರಿನಲ್ಲಿರುವ ಮನೆಗಳು ಮುನ್ನೂರು. ತನ್ನ ಕಂಬವನ್ನು ಪಕ್ಕದವನು ಹೊಡೆದುಕೊಂಡಾನು ಎಂದು ಎಲ್ಲರೂ ಬಂದಿದ್ದರು. ಚಾವಡಿಯೊಳಗೆ ಜಾಗ ಸಾಲದೆ ನಲವತ್ತು ಐವತ್ತು ಜನ ಮಾಳಿಗೆ ಹತ್ತಿ, ಬೆಳಕಿಂಡಿಯ ಸುತ್ತ ಕಿವಿಗೊಟ್ಟು ಕೂತರು. ಕೂತದ್ದು ಯಾವುದರ ಮೇಲೆ? ಗುತ್ತಿಗೆದಾರ ಮಂಜೂರಾತಿಗೆ ಮೊದಲೇ ಸಾಗಿಸಿ, ಮಾಳಿಗೆಯ ಮೇಲೆ ಸುರಿಸಿಟ್ಟಿದ್ದ ಹತ್ತನೆಯ ವರ್ಷದ ಮಣ್ಣಿನ ಗುಡ್ಡೆಗಳ ಮೇಲೆ!

"ಜೋರಾಗಿ ಮಾತಾಡ್ರಿ, ಕೇಳಿಸ್ತಿಲ್ಲ," ಎಂದು ಮೇಲಿನಿಂದ ಒಬ್ಬ ತಲೆ ಹಾಕಿದ.

"ಮೇಲಿರೋರು ಸಭೇಗೆ ಸೇರಿದೋರಲ್ಲ. ಬರ್ಕೋಬೇಡಿ," ಎಂದರು ಅಮಲ್ದಾರರು ನನಗೆ.

ಮೂರು ಹತ್ತಕ್ಕೆ ನನ್ನ ಪುಸ್ತಕದ ಮೇಲೆ ಒಂದು ಚಿಟಿಕೆ ಮಣ್ಣು ಉದುರಿತು. ಊದಿ ಹಾಕಿದೆ. ಮತ್ತೆ ಉದುರಿತು. ಚಾವಡಿಯ ಕಂಬದ ಪಕ್ಕದಲ್ಲಿ ಕೂತಿದ್ದ ಮಾವ ನೆಲವನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಬೆಣಚುಕಲ್ಲು ಚಪ್ಪಡಿಯ ಮೇಲೆ ಸುಮ್ಮನೆ ಒರಗಿ ಮಲಗಿತ್ತು. ಅದರ ಮೇಲೆ ಎಳೆ ಸಡಿಲವಾಗಿ ಬಾಗಿತ್ತು.

ಮಾವ ಎದ್ದು ನಿಂತರು. "ಸ್ವಾಮಿ, ಮಾಳಿಗೆ ಬೀಳ್ತೈತೆ. ಎಲ್ರೂ ಏಳ್ರಿ."

ಸಭೆಯೆಲ್ಲ ನಕ್ಕಿತು. "ಹೋದ ಸಭೆಯಾಗೂ ಬಿದ್ದಿತ್ತಲ್ಲ?" ಎಂದರು ಹತ್ತಿ ವ್ಯಾಪಾರದ ಸಾಹುಕಾರರು. "ಅದರ ಹಿಂದಿನ ಸಭೆಯಾಗೆ ಗಡಿಯಾರ ಸುಳ್ಳಾಗಿತ್ತು," ಎಂದ ಇನ್ನೊಬ್ಬ. "ಹಿಗ್ಗೈತೆ ಕಣಯ್ಯಾ ನಿನ್ನ ರೇಷ್ಮೆ," ಎಂದ ಗುತ್ತಿಗೆದಾರ.

ಬೇರೆ ದಿನವಾಗಿದ್ದರೆ ಮಾವ ಜಗಳಕ್ಕೆ ನಿಲ್ಲುತ್ತಿದ್ದರು. ಅಂದು ನನ್ನ ಕಡೆ ಒಂದು ಸಲ ನೋಡಿ, ನಿಧಾನವಾಗಿ ಬಾಗಿಲಿಗೆ ಹೋಗಿ, ಹೊರಗೆ ಹಣಕಿ, ತಿರುಗಿ ಬಂದರು. ಆಮೇಲೆ ತಮ್ಮ ಜನ್ಮದಲ್ಲಿ ಮೊದಲನೆಯ ಸಲ ಒಂದು ಸುಳ್ಳು ಹೇಳಿದರು.

"ಆಯ್ತು ಬಿಡ್ರಿ. ಆದ್ರೆ ಮಂಜೂರಾಗೋಕೆ ಮುಂಚೇನೇ ಅದ್ಯಾರೋ ದೀಪದ ಕಂಬಕ್ಕೆ ಗೂಟ ಹೊಡೀತಾವ್ರಲ್ಲ, ಅದು ಹೆಂಗೆ?"

"ಎಲ್ಲಿ? ಯಾರ ಮನೆ ಮುಂದೆ?" ಎಂದರು ಸಾಹುಕಾರರು.

"ಬಿಸ್ಲಿಗೆ ಸರಿಯಾಗಿ ಕಾಣ್ಲಿಲ್ಲ."

ಒಬ್ಬರ ಹೆಸರು ಹೇಳಿದ್ದರೆ ಒಬ್ಬರೋ ಇಬ್ಬರೋ ಎದ್ದು ಹೋಗುತ್ತಿದ್ದರು. ಹೆಸರು ಹೇಳದೆ ಇದ್ದದ್ದರಿಂದ ಊರಿಗೆ ಊರೇ ಎದ್ದಿತು! ಸಾಹುಕಾರರು ಗುತ್ತಿಗೆದಾರನನ್ನು ನೋಡಿದರು, ಗುತ್ತಿಗೆದಾರ ಸಾಹುಕಾರರನ್ನು ನೋಡಿದ, ಇಬ್ಬರೂ ಒಟ್ಟಿಗೆ ಬಾಗಿಲಿನಲ್ಲಿ ಸಿಕ್ಕಿಕೊಂಡರು. ಮೇಲಿನವರು ದಡದಡನೆ ಏಣಿಯ ಕಡೆ ಓಡಿದರು. ಅವರ ಒಂದೊಂದು ಹೆಜ್ಜೆಗೂ ನನ್ನ ಪುಸ್ತಕದ ಮೇಲೆ ಒಂದೊಂದು ಹಿಡಿ ಮಣ್ಣು ಬಿತ್ತು. ಆ ಹೆಜ್ಜೆಗಳ ಸದ್ದು ಈಗಲೂ, ಇದನ್ನು ಬರೆಯುವಾಗಲೂ, ನನ್ನ ತಲೆಯ ಮೇಲೆಯೇ ಇದೆ.

ಒಳಗೆ ಉಳಿದವರು ಮೂರು ಜನ. ಅಮಲ್ದಾರರಿಗೆ ಈ ಊರಿನಲ್ಲಿ ಮನೆಯಿಲ್ಲ, ಕಂಬದ ಚಿಂತೆಯಿಲ್ಲ. ಅವರು ತಲೆಯ ರುಮಾಲು ತೆಗೆದು ಮೇಜಿನ ಮೇಲಿಟ್ಟು, "ಕೋರಂ ಇಲ್ಲ. ವೇಳೆ ಬರ್ಕೊಳ್ಳಿ," ಎಂದರು. ನಾನು ಮೂರು ಹದಿನಾಲ್ಕು ಎಂದು ಬರೆದೆ.

"ಏಳೋ ಲೇ," ಎಂದರು ಮಾವ.

"ಒಂದೇ ಒಂದು ಸಾಲು ಮಾವ."

ಓದಿದವನ ಬುದ್ಧಿ ನೋಡಿ! ತೊಲೆ ನನ್ನ ತಲೆಯ ಮೇಲೆ ಬಗ್ಗುತ್ತಿದೆ, ನಾನು ಸಾಲು ಮುಗಿಸಲು ಕೂತಿದ್ದೇನೆ. ಮಾವ ಕೈ ಚಾಚಿ ನನ್ನ ಲೇಖನಿಯ ಕೆಳಗಿನಿಂದ ನಡವಳಿ ಪುಸ್ತಕವನ್ನೇ ಕಿತ್ತುಕೊಂಡು ಹೊರಗೆ ಓಡಿದರು. ಪುಸ್ತಕದ ಹಿಂದೆ ನಾನು ಓಡಿದೆ. "ಸರ್ಕಾರಿ ದಾಖಲೆ, ಹಿಡೀರಿ ಅವನ್ನ," ಎಂದು ಕೂಗುತ್ತ ನನ್ನ ಹಿಂದೆ ಅಮಲ್ದಾರರು ಬರಿತಲೆಯಲ್ಲಿ ಓಡಿದರು. ನಮ್ಮಿಬ್ಬರನ್ನು ಬೇರೆ ಯಾವ ಉಪಾಯವೂ ಕುರ್ಚಿಯಿಂದ ಎಬ್ಬಿಸುತ್ತಿರಲಿಲ್ಲ.

ಬೇವಿನ ಮರದ ಹತ್ತಿರ ಮಾವ ನಿಂತು ತಿರುಗಿದರು. ದೊಡ್ಡ ಸದ್ದು ಬರುತ್ತದೆಂದು ನೀವು ತಿಳಿಯಬಹುದು. ಮೊದಲು ಬಂದದ್ದು ಸಣ್ಣದು, ಮಗ್ಗದ ಮೇಲೆ ಹಾಸಿನ ಎಳೆ ಹರಿದಂತೆ ಒಂದು ಟಕ್. ಆಮೇಲೆ ಚಾವಡಿ ಒಂದು ನಿಟ್ಟುಸಿರು ಬಿಟ್ಟು ಕೂತುಕೊಂಡಿತು. ಬಾಗಿಲು ಕಿಟಕಿಗಳಿಂದ ಧೂಳು ಉಕ್ಕಿತು. ಧೂಳು ಇಳಿದ ಮೇಲೆ ನೋಡಿದರೆ ಹತ್ತು ವರ್ಷದ ಮಣ್ಣಿನ ಗುಡ್ಡೆಯಲ್ಲಿ ನನ್ನ ಮೇಜಿನ ಒಂದು ಕಾಲು ಮಾತ್ರ ಕಾಣಿಸುತ್ತಿತ್ತು. ನನ್ನ ಕೈಯಲ್ಲಿ ಲೇಖನಿ ಹಾಗೆಯೇ ಇತ್ತು. ಅಮಲ್ದಾರರು ತಲೆ ಮುಟ್ಟಿಕೊಂಡು ನೋಡಿ, "ನನ್ನ ರುಮಾಲು," ಎಂದಷ್ಟೇ ಹೇಳಿದರು.

ಊರು ಮಾವನನ್ನು ಹೊತ್ತು ಮೆರೆಸಿತೆಂದುಕೊಂಡಿರಾ? "ಆ ಎಳೆ ಕಟ್ಟಿದ್ದಕ್ಕೇ ಬಿದ್ದದ್ದು," ಎಂದು ಜವಾನ ಮನೆಮನೆಗೆ ಹೋಗಿ ಹೇಳಿದ. ಅರ್ಧ ಊರು ನಂಬಿತು. ಸಾಹುಕಾರರು ಈಗಲೂ ಸಂಜೆ ಬಂದು ಜಗಲಿಯ ಮೇಲೆ ಕೂತು, ದನಿ ತಗ್ಗಿಸಿ ಕೇಳುತ್ತಾರೆ: "ನಿಜ ಹೇಳಪ್ಪಾ, ಗೂಟ ಯಾರ ಮನೆ ಮುಂದೆ ಇತ್ತು?" ಅಂತೂ ಅಮಲ್ದಾರರು ಮುಂದಿನ ಸಭೆಯನ್ನು ಬೇವಿನ ಮರದ ಕೆಳಗೆ ನಡೆಸಿ, ಮಣ್ಣು ತೆಗೆಯುವುದಕ್ಕೆ ಒಂದು ಬಾಬ್ತು ಮಾಡಿಸಿದರು. ಮಣ್ಣೆಲ್ಲ ನೆಲಕ್ಕೆ ಬಂದ ಮೇಲೆ! ಗುತ್ತಿಗೆ ಯಾರಿಗೆ ಸಿಕ್ಕಿತೆಂದು ಬೇರೆ ಹೇಳಬೇಕಾಗಿಲ್ಲ.

ನಗುತ್ತ ಬರೆಯುತ್ತಿದ್ದೇನೆ. ಆದರೆ ಆ ದಿನದಿಂದ ನನಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಪುಸ್ತಕದ ಮೇಲೆ ಮಣ್ಣು ಉದುರುತ್ತಿತ್ತು. ಮೂರು ಹದಿನಾಲ್ಕು ಎಂದು ಬರೆದ ಕೈ ಅಲ್ಲಿಯೇ ಉಳಿದುಹೋದಂತೆ ಬೆಚ್ಚಿ ಏಳುತ್ತಿದ್ದೆ. ನಾನು ಏಳುವಷ್ಟರಲ್ಲಿ ಮಾವ ಪಕ್ಕದಲ್ಲಿ ಎದ್ದು ಕೂತಿರುತ್ತಿದ್ದರು, ಅವರ ಕೈ ನನ್ನ ಎದೆಯ ಮೇಲೆ ಇರುತ್ತಿತ್ತು. "ಏನಿಲ್ಲ, ಮಲಗು." ಪ್ರತಿ ಸಲವೂ ಅದು ಹೇಗೆ ಅವರಿಗೆ ನನಗಿಂತ ಮೊದಲೇ ಎಚ್ಚರವಾಗುತ್ತಿತ್ತು? ಅವರ ತೋರುಬೆರಳಿಗೆ ಒಂದು ಎಳೆ ರೇಷ್ಮೆ ಸುತ್ತಿದ್ದನ್ನು ದೀಪದ ಬೆಳಕಿನಲ್ಲಿ ಒಮ್ಮೆ ಕಂಡಿದ್ದೆ. ಸರಿ, ಈಗ ನಮ್ಮ ಮನೆಯ ತೊಲೆಯ ಮೇಲೂ ಸಂಶಯ ಬಂತು ಎಂದುಕೊಂಡೆ.

"ಮಾವ, ನಿಮಗೆ ಯಾರ ಮೇಲೂ ಯಾಕ್ರಿ ನಂಬಿಕೆ ಇಲ್ಲ?" ಎಂದು ಒಂದು ಬೆಳಗ್ಗೆ ಕೇಳಿಯೇಬಿಟ್ಟೆ.

ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದವರು ಲಾಳಿಯನ್ನು ನಿಲ್ಲಿಸಿದರು. "ಒಂದ್ಸಲ ನಂಬಿದ್ದೆ. 'ಬರೀ ಜ್ವರ ಕಣೋ, ನಾಳೆ ಹೋಗ್ತೈತೆ, ನೀನು ಸಂತೇಗೆ ಹೋಗಿ ಬಾ' ಅಂದ್ಲು ನಿಮ್ಮವ್ವ. ಹೋಗಿ ಬಂದೆ." ಅಷ್ಟು ಹೇಳಿ ಮತ್ತೆ ಲಾಳಿ ಎಸೆದು ನೇಯತೊಡಗಿದರು.

ಇಪ್ಪತ್ತೊಂದನೆಯ ದಿನ, ಒಂದು ಸೋಮವಾರ, ನಾನು ಕಣ್ಣು ಬಿಟ್ಟಾಗ ಮುಖದ ಮೇಲೆ ಬಿಸಿಲು ಬಿದ್ದಿತ್ತು. ನಡುವೆ ಒಂದು ಸಲವೂ ಎಚ್ಚರವಾಗಿರಲಿಲ್ಲ. ಮಾವ ಗೋಡೆಗೆ ಒರಗಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದರು. ಬೆರಳಿನಲ್ಲಿ ಎಳೆ ಹಾಗೆಯೇ ಇತ್ತು. ಅದು ತೊಲೆಯ ಯಾವ ಜಾಗಕ್ಕೆ ಹೋಗಿದೆ ನೋಡೋಣವೆಂದು ಬಿಸಿಲಿನಲ್ಲಿ ಅದರ ಜಾಡು ಹಿಡಿದೆ. ಎಳೆ ಮೇಲಕ್ಕೆ ಹೋಗಲೇ ಇಲ್ಲ. ನೆಲದ ಮೇಲೆಯೇ ಬಂದು, ನಾನು ಹೊದ್ದಿದ್ದ ಕಂಬಳಿಯ ಅಂಚಿಗೆ ಗಂಟು ಹಾಕಿತ್ತು.

ಅವರನ್ನು ಎಬ್ಬಿಸಬಾರದೆಂದು, ಮೈ ಅಲುಗಿಸದೆ, ಬಿಸಿಲು ಬಾಗಿಲಿಗೆ ಹೋಗುವ ತನಕ ನಾನು ಹಾಗೆಯೇ ಮಲಗಿದ್ದೆ.