ಗುಂಗುರಣ್ಣನ ಕೂದಲಿನ ಪೊಟ್ಟಣ

ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ ಗುಂಗುರಣ್ಣ ಒಂದು ಪುಸ್ತಕ ಬಿಟ್ಟುಕೊಂಡ. ಪತ್ರಿಕೆಯ ಸಿನಿಮಾ ಪುಟ ಬಿಟ್ಟು ಬೇರೇನೂ ಓದದ ಅವನಿಗೆ, ಪಕ್ಕದ ಅಂಗಡಿಯ ಟೈಲರ್ "ಮಾಟಗಾರನ ಕತೆ, ಎದೆ ನಡುಗುತ್ತೆ, ಓದಿ ನೋಡು" ಅಂತ ದಪ್ಪ ಕಾದಂಬರಿಯೊಂದನ್ನು ಕೈಗೆ ತುರುಕಿದ್ದ. ನಡುಗಿತು. ಅದರೊಳಗಿನ ಮಾಟಗಾರ ಜನ ಕತ್ತರಿಸಿ ಬಿಸಾಡಿದ ಕೂದಲನ್ನು ಆಯ್ದು ಗೊಂಬೆ ಕಟ್ಟುತ್ತಾನೆ. ಯಾರ ಕೂದಲೋ ಅವರು ಅವನು ಹೇಳಿದಂತೆ ಕುಣಿಯುತ್ತಾರೆ. ಕೊನೆಯ ಅಧ್ಯಾಯ ಓದುವ ಧೈರ್ಯ ಸಾಲದೆ ಗುಂಗುರಣ್ಣ ಬೆಳಿಗ್ಗೆ ಎದ್ದವನೇ ಪುಸ್ತಕ ವಾಪಸ್ ಕೊಟ್ಟ.

ಗ್ರಹಚಾರ ಅಷ್ಟಕ್ಕೇ ಬಿಡಲಿಲ್ಲ. ತನ್ನ ಕ್ಷೌರದಂಗಡಿಯ ಬಾಗಿಲು ತೆಗೆದರೆ ಎದುರಿಗೇ ನಿನ್ನೆ ಗುಡಿಸಿಟ್ಟ ಕೂದಲಿನ ರಾಶಿ. ಅರ್ಧ ಬೀದಿಯ ಪ್ರಾಣ ಆ ಮೂಲೆಯಲ್ಲಿ ಬಿದ್ದಿದೆ ಅನ್ನಿಸಿ ಅವನ ಗುಂಗುರು ಕೂದಲೂ ನೆಟ್ಟಗಾಯಿತು. ಆ ದಟ್ಟ ಕೂದಲಿನಿಂದಲೇ ಅವನಿಗೆ ಆ ಹೆಸರು ಬಂದದ್ದು. ಅಂಗಡಿಗೆ ಬೇರೆ ಜಾಹೀರಾತೂ ಇರಲಿಲ್ಲ.

ಹೆದರಿಕೊಂಡು ಕೂರುವ ದಿನವೂ ಇದಲ್ಲ. ಸಂಜೆ ಮಳಿಗೆಯ ಮಾಲೀಕರು ಬರುವವರಿದ್ದರು. ಅಂಗಡಿ ಇವನಿಗೇ ಮುಂದುವರಿಸುವುದೋ, ಅಳಿಯನಿಗೆ ಮೊಬೈಲ್ ಅಂಗಡಿ ಹಾಕಿಕೊಡುವುದೋ, ಇವತ್ತೇ ತೀರ್ಮಾನ. ಈ ಕುರ್ಚಿ ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಮೊದಲ ಗಿರಾಕಿ ಶಾಲೆಯ ಮೇಷ್ಟ್ರು. ಕತ್ತರಿ ಆಡಿಸಿ ಮುಗಿಸಿದ ಗುಂಗುರಣ್ಣ ಕೆಳಗೆ ಬಿದ್ದ ಕೂದಲನ್ನೆಲ್ಲ ಬಾಚಿ ಪತ್ರಿಕೆಯಲ್ಲಿ ಕಟ್ಟಿ ಅವರ ಕೈಗಿಟ್ಟ.

"ಏನಪ್ಪಾ ಇದು?"

"ನಿಮ್ಮ ಕೂದಲು ಸಾರ್. ಮನೆಗೆ ತಗೊಂಡು ಹೋಗಿ. ಯಾರ ಕೈಗೂ ಸಿಗಬಾರದು."

"ಸಿಕ್ಕಿದ್ರೆ?"

ಗುಂಗುರಣ್ಣ ಅತ್ತಿತ್ತ ನೋಡಿದ. "ನಿಮ್ಮನ್ನ ಕುಣಿಸ್ತಾರೆ."

ಮೇಷ್ಟ್ರು ಪೊಟ್ಟಣವನ್ನು ಹಾವಿನ ಮರಿ ಹಿಡಿದಂತೆ ಹಿಡಿದು ಬೀದಿಗಿಳಿದರು. ಏನದು ಅಂತ ಬೀದಿಬದಿ ಹಣ್ಣು ಮಾರುವಾಕೆ ಕೇಳಿದಳು, ಅವಳನ್ನು ಇನ್ನೊಬ್ಬರು ಕೇಳಿದರು. ಮಾತು ಬೀದಿಯ ಆ ತುದಿ ಮುಟ್ಟಿ ವಾಪಸ್ ಬರುವಷ್ಟರಲ್ಲಿ ತಲೆಕೆಳಗಾಗಿತ್ತು. ಗುಂಗುರಣ್ಣ ಎಲ್ಲರ ಕೂದಲು ಕೂಡಿಟ್ಟುಕೊಂಡು ಜನರನ್ನು ಕುಣಿಸುತ್ತಾನಂತೆ.

ಮಧ್ಯಾಹ್ನ ಹಣ್ಣಿನಾಕೆ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಳು. "ನಿನ್ನ ಹತ್ರ ಕಟಿಂಗ್ ಮಾಡಿಸ್ಕೊಂಡ ಮೇಲೆ ನಮ್ಮನೆಯವರು ನನ್ನ ಮಾತೇ ಕೇಳ್ತಿಲ್ಲ. ಅವರ ಕೂದಲು ಕೊಟ್ಬಿಡು."

"ಅಕ್ಕಾ, ಅದು ಕಸದ ಗಾಡೀಲಿ ಹೋಯ್ತು."

"ಸುಳ್ಳು ಹೇಳ್ಬೇಡ. ಕಣ್ಣು ನೋಡು, ರಾತ್ರಿಯೆಲ್ಲ ನಿದ್ದೆಯಿಲ್ಲ. ಏನ್ ಮಾಡ್ತಿದ್ದೆ?"

"ಓದ್ತಿದ್ದೆ ಕಣಕ್ಕ."

"ಅದೇ. ಮಂತ್ರ."

ಕುರ್ಚಿಯಲ್ಲಿ ಕೂತಿದ್ದ ಬ್ಯಾಂಕ್ ಗುಮಾಸ್ತ ಒಂದು ಕೆನ್ನೆಯ ನೊರೆ ಹಾಗೇ ಇಟ್ಟುಕೊಂಡು ಎದ್ದು ಹೋದ. ಆಮೇಲೆ ಒಂದು ನರಪಿಳ್ಳೆಯೂ ಬರಲಿಲ್ಲ. ಗುಂಗುರಣ್ಣ ಕೂತ, ಎದ್ದ, ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸಿದ. ಮಾಲೀಕರ ಕಿವಿಗೆ ಇದು ಬಿದ್ದರೆ ತನ್ನ ಕತೆ ಮುಗಿಯಿತು.

ಬಿದ್ದಿತ್ತು. ಸಂಜೆ ಬಂದ ಮಾಲೀಕರು ಒಳಗೆ ಕಾಲಿಡದೆ ಹೊಸ್ತಿಲಾಚೆಯೇ ನಿಂತರು. ಅವರ ತಲೆಯಲ್ಲಿ ಉಳಿದಿದ್ದೇ ಕಿವಿಯ ಹಿಂದಿನ ನಾಲ್ಕು ಕೂದಲು. ಅದನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಪಿಸುಗುಟ್ಟಿದರು. "ನನ್ನದೂ ಇದೆಯೇನಪ್ಪಾ ನಿನ್ನ ಹತ್ರ?"

ನಿಜ ನಾಲಿಗೆಯ ತುದಿಗೆ ಬಂದಿತ್ತು. ಗುಂಗುರಣ್ಣ ತನ್ನ ಕುರ್ಚಿಯ ಕಡೆ ನೋಡಿ ಅದನ್ನು ನುಂಗಿಕೊಂಡ. "ಭದ್ರವಾಗಿದೆ ಸಾರ್."

ಮಾಲೀಕರ ಮುಖ ಬಿಳಿಚಿಕೊಂಡಿತು. "ಅಂಗಡಿ ನೀನೇ ಇಟ್ಕೊ. ಅಳಿಯಂಗೆ ಬೇರೆ ಕಡೆ ನೋಡ್ತೀನಿ. ಅದನ್ನ ಮಾತ್ರ ಅಲುಗಾಡಿಸ್ಬೇಡ," ಅಂತ ಹಿಂದೆಹಿಂದೆಯೇ ಸರಿದು ಹೋದರು.

ಗುಂಗುರಣ್ಣನಿಗೆ ಹೋದ ಜೀವ ಬಂದಂತಾಯಿತು. ಕೆಟ್ಟ ಪುಸ್ತಕ ಅಂತ ಬೈದುಕೊಂಡದ್ದೇ ತನ್ನ ಅನ್ನ ಉಳಿಸಿತಲ್ಲ ಅಂತ ಖುಷಿಯಾಗಿ, ಸ್ವಲ್ಪ ಹೊತ್ತು ಒಬ್ಬನೇ ನಕ್ಕು, ಸುದ್ದಿ ಹೇಳಲು ಟೈಲರ್ ಹತ್ತಿರ ಹೋದ.

"ಆ ಪುಸ್ತಕಾನ ನಿಮ್ಮ ಮಾಲೀಕರು ಈಗ ತಾನೇ ಇಸ್ಕೊಂಡು ಹೋದ್ರಲ್ಲ," ಅಂದ ಟೈಲರ್. "ಮಾಟಕ್ಕೆ ಮದ್ದಿದೆಯಾ ಅಂತ ಕೇಳಿದ್ರು. ನೀನು ಓದಿದ ಪುಸ್ತಕ ಇದೇ ಅಂತ ಕೊನೇ ಅಧ್ಯಾಯ ತೆಗೆದುಕೊಟ್ಟೆ."

"ಅದ್ರಲ್ಲಿ ಏನಿದೆ?"

"ನೀನು ಓದ್ಲಿಲ್ವಾ? ಮಾಟಗಾರನ ಶಕ್ತಿಯೆಲ್ಲ ಅವನ ತಲೆಗೂದಲಲ್ಲೇ ಇರುತ್ತೆ. ಬೋಳಿಸಿದ್ರೆ ಮುಗೀತು."

ಗುಂಗುರಣ್ಣ ಓಡಿ ಬಂದಾಗ ಅಂಗಡಿ ತುಂಬ ಜನ. ಮಾಲೀಕರ ಕಂಕುಳಲ್ಲಿ ಪುಸ್ತಕ. ಪಕ್ಕದಲ್ಲಿ ಮೂಲೆ ಅಂಗಡಿಯ ಕ್ಷೌರಿಕ, ಇವನ ಹಳೆಯ ಪ್ರತಿಸ್ಪರ್ಧಿ, ಬಿಳಿ ಬಟ್ಟೆ ಕೊಡವುತ್ತ ನಿಂತಿದ್ದ.

"ಸಾರ್, ನಂಗೆ ಯಾವ ಮಾಟವೂ ಗೊತ್ತಿಲ್ಲ. ಸುಳ್ಳು ಹೇಳ್ದೆ."

"ಹಾಗಾದ್ರೆ ಒಳ್ಳೇದೇ ಆಯ್ತು. ಬೋಳಿಸಿದ್ರೆ ನಿಂಗೇನು ನಷ್ಟ? ಕೂತ್ಕೊ," ಅಂದರು ಮಾಲೀಕರು.

ಊರನ್ನೆಲ್ಲ ಕೂರಿಸಿದ ಕುರ್ಚಿಯಲ್ಲಿ ಅವನೇ ಕೂತ. ಗುಂಗುರು ಸುರುಳಿಸುರುಳಿಯಾಗಿ ನೆಲಕ್ಕೆ ಬಿತ್ತು. ಕನ್ನಡಿಯಲ್ಲಿ ಯಾರೋ ಗುರುತಿಲ್ಲದ ಬೋಳ ಕಣ್ಣು ಪಿಳಿಪಿಳಿ ಬಿಡುತ್ತಿದ್ದ. ಮಾಲೀಕರು ಆ ಕೂದಲನ್ನು ಒಂದೆಳೆ ಬಿಡದೆ ಆರಿಸಿ, ಪತ್ರಿಕೆಯಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡರು.

ಗುಂಗುರಣ್ಣನಿಗೆ ಆಗ ಕಾದಂಬರಿಯ ಮೊದಲ ಅಧ್ಯಾಯಗಳೆಲ್ಲ ಒಟ್ಟಿಗೇ ನೆನಪಾದವು. "ಸಾರ್, ಆ ಪೊಟ್ಟಣ ನಂಗೆ ಕೊಟ್ಬಿಡಿ. ಯಾರ ಕೈಗೂ ಸಿಗಬಾರದು."

"ಭದ್ರವಾಗಿರುತ್ತೆ ಕಣಪ್ಪ," ಮಾಲೀಕರು ಜೇಬು ತಟ್ಟಿಕೊಂಡರು. "ಅಂಗಡಿ ಖಾಲಿ ಮಾಡಿ ಬೀಗದ ಕೈ ತಂದುಕೊಡು. ಅವತ್ತೇ ತಗೊಂಡು ಹೋಗು."